ಫೇಡನ್ 1800ರ ನಕ್ಷೆಯಲ್ಲಿ ಕೆನರಾ ಇನ್ನೂ ಮೈಸೂರಿನೊಳಗೇ! ಹಾಳೆ, ಅಚ್ಚು, ಬಣ್ಣ: ಯಾವುದರ ಇಸವಿ ನಂಬುವುದು?

ಸರಪಳಿ66
ಒಂದು ಹಾಳೆ ಮಾರಾಟಕ್ಕಿದೆ. ಶೀರ್ಷಿಕೆಯಲ್ಲಿ ಪ್ರಕಾಶಕ ವಿಲಿಯಂ ಫೇಡನ್, ಲಂಡನ್, 1800 ಎಂದಿದೆ. 19ನೇ ಅಕ್ಷಾಂಶದಿಂದ ಕನ್ಯಾಕುಮಾರಿವರೆಗಿನ ಪರ್ಯಾಯ ದ್ವೀಪ. ತುಂಡುಗಳಾಗಿ ಕತ್ತರಿಸಿ ಲಿನನ್ ಬಟ್ಟೆಗೆ ಅಂಟಿಸಿ ಮಡಚಿಟ್ಟದ್ದು, 4 ಸಾಲು, ಸಾಲಿಗೆ 8 ತುಂಡು. ಗಡಿಗಳಿಗೆ ಕೈಯಿಂದ ಬಣ್ಣ ಹಾಕಿದ್ದಾರೆ. ತೊಡಕು ಇಷ್ಟೇ: ಹೊನ್ನಾವರದಿಂದ ಮಂಗಳೂರಿನವರೆಗೆ ಕರಾವಳಿಯೆಲ್ಲ ಮೈಸೂರಿನ ಬಣ್ಣದೊಳಗೆ ಸೇರಿದೆ. ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ಕ್ಕೆ, ಅದೇ ವರ್ಷದ ಪಾಲಿನಲ್ಲಿ ಕೆನರಾ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಹಾಗಿದ್ದರೆ ಇದು ನಕಲಿಯೇ, ಅಚ್ಚೊತ್ತುವ ಹಳೇ ತಾಮ್ರದ ತಗಡಿಗೆ ಹೊಸ ಇಸವಿ ಹಾಕಿದ್ದೇ, ಬಣ್ಣದವನ ತಪ್ಪೇ? ಸಿಕ್ಕಿರುವುದು ನಾಲ್ಕೇ ಫೋಟೊ. ಇನ್ನೇನು ಕೇಳಿ ತರಿಸಿಕೊಳ್ಳಲಿ?

ಹಳೇತಗಡು
ಮೊದಲು ಒಂದು ಮಾತು. ತಾಮ್ರದ ತಗಡಿನ ನಕ್ಷೆಗೆ ಒಂದೇ ಇಸವಿ ಅಂತ ಇರುವುದಿಲ್ಲ. ತಗಡು ಕೊರೆದ ಕಾಲ ಒಂದು, ಆ ತಗಡಿನಿಂದ ಈ ಹಾಳೆ ಅಚ್ಚಾದ ಕಾಲ ಇನ್ನೊಂದು, ಬಣ್ಣ ಹಾಕಿದ ಕಾಲ ಮೂರನೆಯದು. ಬಟ್ಟೆಗೆ ಅಂಟಿಸಿದ್ದನ್ನೂ ಸೇರಿಸಿದರೆ ನಾಲ್ಕು. ಮೈಸೂರಿನಂಥ ಸೀಮೆಯಲ್ಲಿ ಗಡಿ ಅನ್ನುವುದು ಬಹುಪಾಲು ಮೂರನೆಯದರಲ್ಲಿ, ಅಂದರೆ ಬಣ್ಣದಲ್ಲಿ ಇರುತ್ತದೆ. ತಗಡಿನಲ್ಲಿ ಚುಕ್ಕಿ ಸಾಲು ಇದ್ದರೂ ಅದನ್ನು ಅಳಿಸಿ ಮತ್ತೆ ಕೊರೆಯುವುದು ಖರ್ಚಿನ ಕೆಲಸ. ಬಣ್ಣ ಬದಲಿಸುವುದಕ್ಕೆ ಕುಂಚ ಸಾಕು.

ಈ ಶೀರ್ಷಿಕೆಯ ನಕ್ಷೆಯನ್ನು ಫೇಡನ್ 1792ರಲ್ಲೇ ತಂದಿದ್ದ. 1800ರದ್ದು ಟಿಪ್ಪುವಿನ ಪತನದ ನಂತರದ ಪರಿಷ್ಕರಣೆ. ಆದ್ದರಿಂದ ಕೇಳಬೇಕಾದ ಮೊದಲ ಫೋಟೊ ಶೀರ್ಷಿಕೆಯ ಇಸವಿಯದ್ದು, ಎರಡನೆಯದು ಮೈಸೂರು–ಕೆನರಾ ನಡುವಿನ ಘಟ್ಟದ ಸಾಲಿನದ್ದು, ಎರಡೂ ತೀರಾ ಹತ್ತಿರದಿಂದ. ಬಣ್ಣವನ್ನು ಕಣ್ಣಿಂದ ತೆಗೆದುಹಾಕಿ ಕೊರೆದ ಚುಕ್ಕಿ ಸಾಲು ಎಲ್ಲಿ ಹೋಗುತ್ತದೆ ಅಂತ ಮಾತ್ರ ನೋಡಿ. ಚುಕ್ಕಿ ಘಟ್ಟದ ಮೇಲೆ ಹೋಗಿ ಬಣ್ಣ ಸಮುದ್ರದಂಚಿಗೆ ಹೋಗಿದ್ದರೆ, ತಗಡು ಸರಿಯಾಗಿದೆ, ಬಣ್ಣದವನು ಹಳೇ ಮಾದರಿ ನೋಡಿ ಹಾಕಿದ್ದಾನೆ.

ತಗಡು ತಿದ್ದಿದ್ದರೆ ಗುರುತು ಉಳಿಯುತ್ತದೆ. ಹಳೇ ಗೆರೆಯನ್ನು ಕೆರೆದು, ತಗಡನ್ನು ಹಿಂದಿನಿಂದ ಬಡಿದು ಸಮ ಮಾಡಿ, ಮೇಲೆ ಹೊಸದು ಕೊರೆಯುತ್ತಾರೆ. ಕೆರೆದ ಜಾಗದಲ್ಲಿ ಮಸಿ ತೆಳುವಾಗಿ ಮೋಡದಂತೆ ಕೂತಿರುತ್ತದೆ, ಅದರೊಳಗೆ ಹಳೇ ಅಕ್ಷರದ ನೆರಳು ಕಾಣುವುದೂ ಉಂಟು. ಇಸವಿಯ ಕೊನೆಯ ಅಂಕಿಗಳಲ್ಲಿ ಇದನ್ನು ಮೊದಲು ಹುಡುಕಿ.

ಬಯಲುಸೀಮೆ
ಬಣ್ಣ ಓದುವುದಕ್ಕೆ ಮೂರು ಜಾಗ ನೋಡಿದರೆ ಸಾಕು: ಬಾರಾಮಹಲ್ (ಈಗಿನ ಕೃಷ್ಣಗಿರಿ–ಧರ್ಮಪುರಿ ಕಡೆ), ಕೆನರಾ, ಬಳ್ಳಾರಿ–ಅನಂತಪುರ ಸೀಮೆ.

ಬಾರಾಮಹಲ್ ಮೈಸೂರಿನೊಳಗಿದ್ದರೆ ಅದು 1792ರ ಮಾರ್ಚ್‌ನ ಶ್ರೀರಂಗಪಟ್ಟಣ ಒಪ್ಪಂದಕ್ಕೆ ಮೊದಲಿನ ಗಡಿ. ಆ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. ಮಲಬಾರ್, ದಿಂಡಿಗಲ್, ಸೇಲಂ, ಬಾರಾಮಹಲ್ ಕಂಪನಿಗೆ ಹೋದವು. ಬಾರಾಮಹಲ್ ಹೊರಗೆ, ಕೆನರಾ ಒಳಗೆ ಅಂದರೆ 1792–99. ಕೆನರಾ, ಕೊಯಮತ್ತೂರು ಹೊರಗೆ ಹೋಗಿ ಬಳ್ಳಾರಿ ಕಡೆಗೆ ನಿಜಾಮನ ಬಣ್ಣವಿದ್ದರೆ 1799ರ ಪಾಲಿನ ಗಡಿ. ಬಳ್ಳಾರಿಗೂ ಕಂಪನಿಯ ಬಣ್ಣ ಬಿದ್ದಿದ್ದರೆ 1800ರ ಅಕ್ಟೋಬರ್ 12ರ ಒಪ್ಪಂದದ ನಂತರದ್ದು. ಮೈಸೂರಿನಿಂದ ತಾನು ಪಡೆದಿದ್ದ ಸೀಮೆಗಳನ್ನು ನಿಜಾಮ ಆಗ ಕಂಪನಿಗೆ ಒಪ್ಪಿಸಿದ. ಮುಂದಿನ ನಕ್ಷೆಗಳಲ್ಲಿ ‘ಸೀಡೆಡ್ ಡಿಸ್ಟ್ರಿಕ್ಟ್ಸ್’ ಎಂಬ ಹೆಸರು ಬರುವುದು ಇದರಿಂದಲೇ.

ಇಲ್ಲೊಂದು ಉಪಯೋಗದ ವಿಷಯವಿದೆ. ಆ ಕಾಲದಲ್ಲಿ ಹಡಗಿನ ಸುದ್ದಿ ಲಂಡನ್ ಮುಟ್ಟಲು ಐದಾರು ತಿಂಗಳು ಬೇಕಿತ್ತು. 1800 ಎಂದು ಅಚ್ಚಾದ ಹಾಳೆಯಲ್ಲಿ ಬಳ್ಳಾರಿಗೆ ಕಂಪನಿಯ ಬಣ್ಣ ಕಂಡರೆ, ಆ ಬಣ್ಣ 1801ಕ್ಕಿಂತ ಮೊದಲಿನದಾಗಲಾರದು. ಸರಪಳಿಯವರೇ, ನಿಮ್ಮ ಹಾಳೆಯಲ್ಲಿ ಬಳ್ಳಾರಿ ಯಾವ ಬಣ್ಣದಲ್ಲಿದೆ?

ಸರಪಳಿ66
ಬಳ್ಳಾರಿ, ಗುತ್ತಿ, ಕಡಪ ಮೂರೂ ನಿಜಾಮನ ಬಣ್ಣದಲ್ಲಿವೆ. ಬಾರಾಮಹಲ್ ಹೊರಗಿದೆ. ಕೊಯಮತ್ತೂರು ಮೈಸೂರಿನಲ್ಲೇ.

ಬಯಲುಸೀಮೆ
ಹಾಗಾದರೆ ಬಣ್ಣ 1792ರ ಗಡಿಯದ್ದೇ. ಹಳೇತಗಡು ಹೇಳಿದಂತೆ ಕೊರೆದ ಚುಕ್ಕಿ ನೋಡದೆ ಮುಂದಿನ ಮಾತಿಲ್ಲ.

ಕಾಗದದಹುಳ
ಮೂಲ ಅಚ್ಚೋ, ಆಮೇಲಿನ ಪಡಿಯಚ್ಚೋ ಅಂತ ತಿಳಿಯುವುದು ಬಣ್ಣಕ್ಕಿಂತ ಸುಲಭ. 10 ಪಟ್ಟಿನ ಭೂತಗನ್ನಡಿ ಹಿಡಿದು ಒಂದು ಅಕ್ಷರ ನೋಡಿ. ತಾಮ್ರದ ತಗಡಿನ ಅಚ್ಚಿನಲ್ಲಿ ಮಸಿ ಕಾಗದದ ಮೇಲೆ ಸ್ವಲ್ಪ ಉಬ್ಬಿ ನಿಂತಿರುತ್ತದೆ, ಗೆರೆಯ ತುದಿ ಚೂಪಾಗಿ ಮುಗಿಯುತ್ತದೆ. ಕಲ್ಲಚ್ಚಿನಲ್ಲಿ ಗೆರೆ ಚಪ್ಪಟೆ, ತುದಿ ಮೊಂಡು. ಚುಕ್ಕಿಗಳ ಜಾಲರಿ ಕಂಡರೆ ಫೋಟೊದಿಂದ ಅಚ್ಚಾಗಿದ್ದು, ಅಲ್ಲಿಗೆ ಮುಗಿಯಿತು.

ಸಾಮಾನ್ಯವಾಗಿ ತಗಡಿನ ಒತ್ತುಗುರುತನ್ನೂ ನೋಡುತ್ತೇವೆ, ಹಾಳೆಯ ಸುತ್ತ ಆಯತವಾಗಿ ತಗ್ಗಿರುತ್ತದೆ. ಕತ್ತರಿಸಿ ಬಟ್ಟೆಗೆ ಅಂಟಿಸಿದ ನಕ್ಷೆಯಲ್ಲಿ ಅದನ್ನು ನಂಬಬೇಡಿ. ಅಂಚು ಕತ್ತರಿಸುವಾಗ ಹೋಗಿರುತ್ತದೆ, ಇಲ್ಲವೇ ಅಂಟಿಸುವಾಗ ಒತ್ತಿ ಸಮವಾಗಿರುತ್ತದೆ. ನೀರಚ್ಚಿಗೂ, ಅಂದರೆ ಬೆಳಕಿಗೆ ಹಿಡಿದರೆ ಕಾಗದದೊಳಗೆ ಕಾಣುವ ತಯಾರಕರ ಗುರುತಿಗೂ, ಅದೇ ಗತಿ. 1794ರ ಕಾಯ್ದೆಯ ನಂತರ ಇಂಗ್ಲೆಂಡಿನ ಕಾಗದದಲ್ಲಿ ತಯಾರಿಕೆಯ ಇಸವಿ ಹಾಕುವುದು ರೂಢಿಯಾಯಿತು. ‘ಜೆ ವಾಟ್‌ಮನ್ 1801’ ಅಂತ (ಕಾಗದ ತಯಾರಕನ ಹೆಸರು, ಇಸವಿ) ಕಂಡರೆ ಆ ಹಾಳೆ 1801ಕ್ಕಿಂತ ಮೊದಲು ಅಚ್ಚಾಗಿಲ್ಲ ಅನ್ನುವುದು ಖಚಿತ, ತಗಡಿನ ಮೇಲೆ ಯಾವ ಇಸವಿ ಇದ್ದರೂ. ಆದರೆ ಹಿಂದೆ ಬಟ್ಟೆ ಇದ್ದರೆ ಬೆಳಕು ದಾಟುವುದಿಲ್ಲ. ಬಟ್ಟೆ ಬಿಟ್ಟುಹೋದ ಮೂಲೆ ಇದ್ದರೆ ಅಲ್ಲಿ ಮೊಬೈಲ್ ಟಾರ್ಚ್ ಹಿಂದಿನಿಂದ ಹಿಡಿದು ನೋಡಬಹುದು. ನೀರಚ್ಚು ಎರಡು ತುಂಡಿನ ನಡುವೆ ಕತ್ತರಿಸಿ ಹೋಗಿರುವುದೂ ಉಂಟು, ಅರ್ಧ ಅಕ್ಷರ ಕಂಡರೆ ಪಕ್ಕದ ತುಂಡು ನೋಡಿ.

ಇನ್ನು 365 ನ್ಯಾನೊಮೀಟರ್‌ನ ಯುವಿ ಟಾರ್ಚ್. 1950ರ ಆಸುಪಾಸಿನಿಂದ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸುತ್ತಾರೆ, ಅದು ಕತ್ತಲಲ್ಲಿ ನೀಲಿ-ಬಿಳಿಯಾಗಿ ಹೊಳೆಯುತ್ತದೆ. ಹಳೇ ಚಿಂದಿಬಟ್ಟೆ ಕಾಗದ ಮಂಕಾಗಿಯೇ ಇರುತ್ತದೆ. ಒಂದು ತುಂಡು ಮಾತ್ರ ಹೊಳೆದರೆ ಅದು ಆಮೇಲೆ ಸೇರಿಸಿದ್ದು. ಬಟ್ಟೆ ಹೊಳೆದರೆ ಗಾಬರಿ ಬೇಡ, ತೊಳೆದಿರಬಹುದು ಅಥವಾ ಬಟ್ಟೆ ಮಾತ್ರ ಬದಲಿಸಿರಬಹುದು.

ಹಳೇತಗಡು
ಬಟ್ಟೆಯ ನಕ್ಷೆಯಲ್ಲಿ ಬಣ್ಣದ ಕಾಲ ಹಿಡಿಯಲು ಇನ್ನೊಂದು ದಾರಿ. ತುಂಡುಗಳ ನಡುವೆ 2–3 ಮಿಲಿಮೀಟರ್ ಸಂದು ಬಿಟ್ಟಿರುತ್ತಾರಲ್ಲ, ಗಡಿಯ ಬಣ್ಣ ಆ ಸಂದನ್ನು ದಾಟುವ ಕಡೆ ನೋಡಿ. ಪ್ರಕಾಶಕರ ಕಡೆಯಿಂದಲೇ ಬಣ್ಣವಾಗಿ ಆಮೇಲೆ ಕತ್ತರಿಸಿದ್ದರೆ ಬಣ್ಣ ಕಾಗದದ ಅಂಚಿಗೆ ಕತ್ತಿಯಿಂದ ಕುಯ್ದಂತೆ ನಿಂತಿರುತ್ತದೆ, ಸಂದಿನ ಬಟ್ಟೆ ಶುಭ್ರ. ಬಟ್ಟೆಗೂ ಬಣ್ಣ ಹತ್ತಿದ್ದರೆ ಅಂಟಿಸಿದ ಮೇಲೆ ಹಾಕಿದ್ದು. ಕಾಗದ ಸವೆದು ಬಿರುಕು ಬಿಟ್ಟ ಕಡೆಗಳಲ್ಲೂ ಹೀಗೇ: ಬಿರುಕಿನ ಒಳಗೆ ಬಣ್ಣ ಇಳಿದಿದ್ದರೆ ಬಿರುಕು ಮೊದಲು, ಬಣ್ಣ ಆಮೇಲೆ.

ಕಾಗದದಹುಳ
ಇದಕ್ಕೊಂದು ತಿದ್ದುಪಡಿ. ಅಂಟಿಸಿದ ಮೇಲೆ ಹಾಕಿದ ಬಣ್ಣವೆಲ್ಲ ಇತ್ತೀಚಿನದಲ್ಲ. ದಂಡಿನ ಅಧಿಕಾರಿಗಳು ಹೊಸ ಒಪ್ಪಂದವಾದಾಗ ತಮ್ಮ ನಕ್ಷೆಗೆ ತಾವೇ ಬಣ್ಣ ಬಳಿದುಕೊಂಡದ್ದಿದೆ. ಅಂಥದ್ದು ಸಿಕ್ಕರೆ ಬೆಲೆ ಕಮ್ಮಿಯಲ್ಲ, ಹೆಚ್ಚು. ಹಸಿರು ನೋಡಿ ತೀರ್ಮಾನಿಸಿ. ಹಳೇ ಹಸಿರು ತಾಮ್ರದ ಕಿಲುಬಿನಿಂದ ಮಾಡಿದ್ದು, ಅದು ಕಾಗದವನ್ನು ಸುಡುತ್ತದೆ. ಹಿಂದೆ ಬಟ್ಟೆ ಬಿಟ್ಟಿರುವ ಕಡೆ ಹಸಿರು ಗೆರೆಯ ಜಾಗದಲ್ಲೇ ಕಂದು ಗೆರೆ ಮೂಡಿದ್ದರೆ ಆ ಬಣ್ಣಕ್ಕೆ ವಯಸ್ಸಾಗಿದೆ. ಈಚಿನ ಜಲವರ್ಣಕ್ಕೆ ಹಾಗೆ ಆಗುವುದಿಲ್ಲ.

ತುಂಗಾತೀರ
ಗಡಿ ಸರಿಯೋ ತಪ್ಪೋ ಎನ್ನುವ ಮೊದಲು, 1799ರಲ್ಲಿ ಗಡಿ ಎಂಬ ಗೆರೆಯನ್ನೇ ಯಾರೂ ಎಳೆದಿರಲಿಲ್ಲ ಎಂಬುದನ್ನು ಮರೆಯಬಾರದು. ಆ ವರ್ಷ ಜೂನ್ 22ರ ಪಾಲಿನ ಒಪ್ಪಂದಕ್ಕೆ ಅಂಟಿಕೊಂಡಿದ್ದು ನಕ್ಷೆಯಲ್ಲ, ಪಟ್ಟಿ. ಇಂತಿಂಥ ತಾಲ್ಲೂಕು ಇಂಥವರಿಗೆ, ಅದರ ಹುಟ್ಟುವಳಿ ಇಷ್ಟು ಕಂಠೀರಾಯಿ ವರಹ (ಮೈಸೂರಿನ ನಾಣ್ಯದ ಲೆಕ್ಕ). ಲಂಡನ್ನಿನಲ್ಲಿ ಕೂತ ತಗಡು ಕೊರೆಯುವವನಿಗೆ ತಾಲ್ಲೂಕಿನ ಮೇರೆ ಗೊತ್ತಿರಲು ಸಾಧ್ಯವೇ? ಊರಿನ ಹೆಸರು ಹುಡುಕಿ ಅದರ ಸುತ್ತ ಅಂದಾಜಿನಲ್ಲಿ ಗೆರೆ ಎಳೆದ. ಹಾಗಾಗಿ ಒಂದೇ ವರ್ಷದ ಎರಡು ನಕ್ಷೆಗಳಲ್ಲಿ ಚಿತ್ರದುರ್ಗದ ಕಡೆಯ ಗಡಿ ಹತ್ತಾರು ಮೈಲಿ ಹೆಚ್ಚುಕಮ್ಮಿ ಇದ್ದರೆ ಅದನ್ನು ಬೇರೆ ಮುದ್ರಣ ಎಂದುಕೊಳ್ಳಬೇಡಿ.

ಮರಾಠರಿಗೆಂದು ತೆಗೆದಿಟ್ಟ ಹರಿಹರ, ಸೋಂದಾ ಕಡೆಯ ಪಾಲನ್ನು ಪೇಶ್ವೆ ಬೇಡವೆಂದ. ಅದನ್ನು ಕಂಪನಿ, ನಿಜಾಮ ಹಂಚಿಕೊಂಡರು. 1803ರ ಕೊನೆಯಲ್ಲಿ ಮೈಸೂರು–ಕಂಪನಿ ನಡುವೆ ಮತ್ತೆ ಅದಲುಬದಲು ನಡೆದು ಹೊಳಲ್ಕೆರೆ, ಮಾಯಕೊಂಡ ಮೈಸೂರಿಗೆ ಬಂದವು. ನಾಲ್ಕು ವರ್ಷದಲ್ಲಿ ಒಂದೇ ಊರಿಗೆ ಮೂರು ಬಣ್ಣ!

ನೆಲದ ಮೇಲೆ ಅಳೆದ ಗಡಿ ಬಂದದ್ದು ಕಂಪನಿಯ ಸರ್ವೆ ಅಧಿಕಾರಿ ಕಾಲಿನ್ ಮೆಕೆಂಜಿಯ ಮೈಸೂರು ಸರ್ವೆಯಿಂದ. 1799ರ ಕೊನೆಗೆ ಶುರುವಾದದ್ದು ಹತ್ತಿರ ಹತ್ತಿರ ಹತ್ತು ವರ್ಷ ನಡೆಯಿತು. ಅದರ ಜೊತೆಗೇ ಇನ್ನೊಬ್ಬ ಸರ್ವೆ ಅಧಿಕಾರಿ ಲ್ಯಾಂಬ್ಟನ್‌ನ ತ್ರಿಕೋನ ಅಳತೆ: 1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ನೆಲದ ಮೇಲೆ ಅಳೆದ ಆಧಾರರೇಖೆ, 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು. ಅಲ್ಲಿಯವರೆಗೆ ಮದ್ರಾಸಿನಿಂದ ಮಂಗಳೂರಿಗೆ 400 ಮೈಲಿ ಎಂದುಕೊಂಡಿದ್ದರು. ಅಳೆದಾಗ 360 ಆಯಿತು. 40 ಮೈಲಿ ನೆಲ ಕಾಗದದಿಂದ ಮಾಯ! ಇದನ್ನು ನೇರವಾಗಿ ಬಳಸಿಕೊಳ್ಳಬಹುದು. ನಕ್ಷೆಯ ಮೇಲೆ ಎರಡೂ ಊರಿನ ನಡುವೆ ಅಳೆಯಿರಿ. 390, 400ರ ಹತ್ತಿರ ಬಂದರೆ ಲ್ಯಾಂಬ್ಟನ್‌ಗೆ ಮೊದಲಿನ ಮಾಹಿತಿ. 360ರ ಆಸುಪಾಸಿದ್ದರೆ ಹೊಸದು.

ಹಳೇತಗಡು
ಅಳೆಯುವಾಗ ಎರಡು ಎಚ್ಚರಿಕೆ ಸೇರಿಸುತ್ತೇನೆ. ಬಟ್ಟೆಯ ಸಂದುಗಳನ್ನು ಕಳೆಯಿರಿ: 8 ತುಂಡಿಗೆ 7 ಸಂದು, ಪೂರ್ತಿ ಅಗಲಕ್ಕೆ 14ರಿಂದ 21 ಮಿಲಿಮೀಟರ್. ಮರೆತರೆ ಹೊಸ ನಕ್ಷೆಯೂ ಹಳೆಯದಾಗಿ ಕಾಣುತ್ತದೆ. ಎರಡನೆಯದು, ನಕ್ಷೆಯ ಅಳತೆಪಟ್ಟಿ ಯಾವ ಮೈಲಿಯದ್ದು ನೋಡಿ. ಒಂದು ಅಕ್ಷಾಂಶಕ್ಕೆ 60 ಬರುವ ಭೌಗೋಳಿಕ ಮೈಲಿಯ ಪಟ್ಟಿ ಒಂದಿರುತ್ತದೆ, 69ರ ಆಸುಪಾಸಿನ ಬ್ರಿಟಿಷ್ ಮೈಲಿಯ ಪಟ್ಟಿ ಇನ್ನೊಂದಿರುತ್ತದೆ. 12ರಿಂದ 14ನೇ ಅಕ್ಷಾಂಶದವರೆಗೆ ಅಂಚಿನ ಮೇಲೆ ಅಳೆದು ಪಟ್ಟಿಗೆ ಹೋಲಿಸಿದರೆ ಯಾವುದು ಅಂತ ತಿಳಿಯುತ್ತದೆ: 120 ಬಂದರೆ ಭೌಗೋಳಿಕ, 138 ಬಂದರೆ ಬ್ರಿಟಿಷ್.

ಕಾಗದವೂ ಸುಳ್ಳು ಹೇಳುತ್ತದೆ. ತಾಮ್ರದ ಅಚ್ಚಿಗೆ ಕಾಗದ ಒದ್ದೆ ಮಾಡಿ ಒತ್ತುತ್ತಿದ್ದರು, ಒಣಗಿದಾಗ ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಕುಗ್ಗುತ್ತದೆ. ಆದ್ದರಿಂದ ಒಂದೇ ತಗಡಿನ ಎರಡು ಹಾಳೆಗಳ ಅಳತೆಯಲ್ಲಿ ಚೂರು ವ್ಯತ್ಯಾಸವಿದ್ದರೆ ಅನುಮಾನ ಪಡಬೇಕಿಲ್ಲ.

ಕಿತ್ತೂರುಪೇಟೆ
ಫೇಡನ್ ಬಗ್ಗೆ ಭಾಳ ಆತು ಬಿಡ್ರಿ. ಹೊಸದಾಗಿ ಶುರು ಮಾಡೋರಿಗೆ 19ನೇ ಶತಮಾನದ ಹಾಳೆನೇ ಛಲೋ. ಹೇರಳ ಸಿಗ್ತಾವ, ಗಡಿ ಬದಲಾವಣೆನೂ ಕಮ್ಮಿ ಇಲ್ಲ. ಇಸವಿ ಇಲ್ಲದ ಹಾಳೆ ಕೈಗೆ ಬಂದ್ರ ಇವನ್ನ ನೋಡ್ರಿ. ಕೊಡಗು ಬ್ರಿಟಿಷರ ಕೆಂಪಿನ್ಯಾಗ ಇದ್ರ 1834ರ ನಂತರದ್ದು. ಬೆಳಗಾವಿ ಧಾರವಾಡದಿಂದ ಬ್ಯಾರೆ ಜಿಲ್ಲೆ ಆಗಿದ್ರ 1836ರ ನಂತರ. ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಾಗ ಇದ್ರ 1862ರ ನಂತರ. ಅದರಾಗೂ ಕುಂದಾಪುರ ಮದ್ರಾಸಿನ ಕಡೆನೇ ಉಳೀತು, ಗಡಿ ಎಲ್ಲಿ ಮುರೀತದ ನೋಡ್ರಿ. ಮೈಸೂರಿನೊಳಗ ‘ನಂದಿದುರ್ಗ, ಅಷ್ಟಗ್ರಾಮ, ನಗರ’ ಅಂತ ಮೂರು ವಿಭಾಗ ಇದ್ರ 1863ರಿಂದ ಈಚೆ, ಕಮಿಷನರ್ ಆಳ್ವಿಕೆ ಕಾಲದ್ದು. ಮಂಡ್ಯ ಜಿಲ್ಲೆ ಇದ್ರ 1939ರ ನಂತರ.

ವಿಜಾಪುರದ ಬದಲು ಕಲಾದಗಿ ಅಂತ ಜಿಲ್ಲೆ ಹೆಸರು ಇದ್ರ 1864ರಿಂದ 1880ರ ದಶಕದ ನಡುವಿನ ತನಕ. ಇದು ನಂಗ ಭಾಳ ಸೇರೋ ಗುರುತು, ಯಾಕಂದ್ರ ನಕಲು ಮಾಡೋರಿಗೆ ಇದು ಹೊಳಿಯೂದಿಲ್ಲ.

ಇನ್ನ ಸಂಸ್ಥಾನಗಳು. ಸವಣೂರು, ರಾಮದುರ್ಗ, ಜಮಖಂಡಿ, ಮುಧೋಳ, ಬಳ್ಳಾರಿ ನಡುವಿನ ಸಂಡೂರು. ಇವುಗಳಾಗ ಕೆಲವುದರ ಸೀಮಿ ಒಂದೇ ತುಂಡಲ್ಲ, ಇಲ್ಲೊಂದು ಊರು ಅಲ್ಲೊಂದು ಊರು. ಸಣ್ಣ ಅಳತೆಯ ಅಟ್ಲಾಸ್ ಹಾಳ್ಯಾಗ ಇವನ್ನ ಬಿಟ್ಟೇ ಬಿಡ್ತಾರ. ಪೂರಾ ಬೇಕಂದ್ರ ಇಂಚಿಗೆ 4 ಮೈಲಿ ಅಳತೆಯ, ಸರ್ಕಾರಿ ಸರ್ವೆಯ ಇಂಡಿಯನ್ ಅಟ್ಲಾಸ್ ಹಾಳೆ ಹುಡುಕ್ರಿ, ಅಂದ್ರ 1:2,53,440.

ತುಂಗಾತೀರ
ಇಂಡಿಯನ್ ಅಟ್ಲಾಸ್ ಹಾಳೆಗಳಲ್ಲಿ ಒಂದು ಮೋಸವಿದೆ. ಸರ್ವೆ ಹಳೆಯದೇ, ಮೇಲೆ ರೈಲು, ರಸ್ತೆ ಮಾತ್ರ ಸೇರಿಸುತ್ತ ಹೋದರು. ಹಾಗಾಗಿ ಊರುಗಳ ಚಿತ್ರ ಮೆಕೆಂಜಿ ಕಾಲದ್ದು, ರೈಲು 50–60 ವರ್ಷ ಈಚಿನದು. ಅಚ್ಚಿನ ಕಾಲಕ್ಕೆ ರೈಲು ನೋಡಿ: ಜೋಲಾರಪೇಟೆ–ಬೆಂಗಳೂರು 1864, ಬೀರೂರು–ಶಿವಮೊಗ್ಗ 1899, ಮಂಗಳೂರಿಗೆ 1907. ಆದರೆ ಯೋಜನೆಯಲ್ಲಿದ್ದ ಮಾರ್ಗವನ್ನೂ ಖಾಸಗಿ ಪ್ರಕಾಶಕರು ಹಾಕಿಬಿಡುತ್ತಿದ್ದರು. ಕಡಿದ ಗೆರೆ ಇದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಕೆರೆ, ಅಣೆಕಟ್ಟು ಹೆಚ್ಚು ನಂಬಿಕಸ್ಥ: ಮಾರಿಕಣಿವೆಯ ಜಲಾಶಯ 1907ಕ್ಕೆ ಮುಗಿದದ್ದು, ಕನ್ನಂಬಾಡಿಯ ಕೆಲಸ ಶುರುವಾದದ್ದು 1911ರಲ್ಲಿ.

ಎಣ್ಣೆಹೊಳೆ
ನಕ್ಷೆಯನ್ನು ಸ್ಕ್ಯಾನ್ ಮಾಡಿ ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಈಗಿನ ನಕ್ಷೆಯ ಮೇಲೆ ಕೂರಿಸುವವರಿಗೆ: ರೇಖಾಂಶದ ಮೂಲ ಯಾವುದು ಅಂತ ಮೊದಲು ನೋಡಿ ಮಾರಾಯ್ರೆ. ಬೆಂಗಳೂರು ಗ್ರೀನಿಚ್‌ನಿಂದ 77°35′. ಡಾನ್‌ವಿಲ್‌ನ 1752ರ ನಕ್ಷೆಯಂಥ ಫ್ರೆಂಚ್ ಹಾಳೆಯಲ್ಲಿ ಪ್ಯಾರಿಸ್‌ನಿಂದ ಎಣಿಸಿದ್ದರೆ 2°20′ ಕಳೆದು 75°15′ ಆಗಬೇಕು, ಫೆರೊ ದ್ವೀಪದಿಂದ ಎಣಿಸಿದ್ದರೆ 95°15′. ಸರ್ವೆ ಆಫ್ ಇಂಡಿಯಾದ 20ನೇ ಶತಮಾನದ ಆರಂಭಕ್ಕೆ ಮೊದಲಿನ ಹಾಳೆಗಳಲ್ಲೂ ಮದ್ರಾಸಿನ ರೇಖಾಂಶದ ಹಳೇ ಲೆಕ್ಕದಿಂದ ಸುಮಾರು 2′27″ ಹೆಚ್ಚು ಬರುತ್ತದೆ, ನಮ್ಮ ಅಕ್ಷಾಂಶದಲ್ಲಿ 4.4 ಕಿಲೋಮೀಟರ್. ಊರೆಲ್ಲ ಒಂದೇ ಕಡೆಗೆ ಸರಿದಂತೆ ಕಂಡರೆ ಕಾರಣ ಅದು.

ಎರಡೂ ನಕ್ಷೆ ಹೊಂದಿಸುವ ಆಧಾರಬಿಂದುಗಳಿಗೆ ಊರು ಬೇಡ, ಬೆಟ್ಟ, ಕೋಟೆ, ಹೊಳೆ ಕೂಡುವ ಜಾಗ ತೆಗೆದುಕೊಳ್ಳಿ: ನಂದಿಬೆಟ್ಟ, ಸಾವನದುರ್ಗ, ಶ್ರೀರಂಗಪಟ್ಟಣ ದ್ವೀಪದ ಮೇಲ್ತುದಿ, ತುಂಗಾ–ಭದ್ರಾ ಕೂಡುವ ಕೂಡಲಿ. ನಕ್ಷೆ ಹಿಗ್ಗಿಸಿ ಕೂರಿಸುವ ವಿಧಾನಗಳಲ್ಲಿ ಮೊದಲ ದರ್ಜೆಯ ಪಾಲಿನೋಮಿಯಲ್‌ಗೆ 3 ಬಿಂದು, ಎರಡನೆಯದಕ್ಕೆ 6 ಕನಿಷ್ಠ. ದುಪ್ಪಟ್ಟು ಇಟ್ಟರೆ ಒಳ್ಳೆಯದು. ಥಿನ್ ಪ್ಲೇಟ್ ಸ್ಪ್ಲೈನ್ ಹಾಕಿದರೆ ಬಿಂದುಗಳಲ್ಲಿ ಕರಾರುವಾಕ್ಕಾಗಿ ಕೂರುತ್ತದೆ, ಆದರೆ ನಡುವಿನ ತಪ್ಪು ಕಾಣದಂತೆ ಮುಚ್ಚಿಹೋಗುತ್ತದೆ. ಲ್ಯಾಂಬ್ಟನ್‌ಗೆ ಮೊದಲಿನ ನಕ್ಷೆಗೆ ಅದನ್ನು ಹಾಕಿ ಗಡಿ ಅಳೆದರೆ ಸಿಗುವುದು ತಂತ್ರಾಂಶದ ಗಡಿ. ಬಟ್ಟೆಯ ನಕ್ಷೆಯಾದರೆ ತುಂಡು ತುಂಡಾಗಿ ಕತ್ತರಿಸಿ ಸಂದು ಮುಚ್ಚಿ ಜೋಡಿಸಿಕೊಂಡೇ ಶುರು ಮಾಡಿ.

ಹೆಸರು ಹುಡುಕುವಾಗ ಸ್ವಲ್ಪ ತಾಳ್ಮೆ ಬೇಕು. ಔಸ್ಕೊಟ್ಟ ಅಂದರೆ ಹೊಸಕೋಟೆ, ಓನೋರ್ ಹೊನ್ನಾವರ, ಬಾರ್ಸೆಲೋರ್ ಬಸ್ರೂರು, ಬಿದ್ದೆನೋರ್ ಈಗಿನ ನಗರ. 17ನೇ ಶತಮಾನದ ಡಚ್ ನಕ್ಷೆಗಳಲ್ಲಿ ‘ನರಸಿಂಗ’, ‘ಬಿಸ್ನಗರ್’ ಎಂಬ ರಾಜ್ಯ ಕಂಡರೆ ಅದು ವಿಜಯನಗರವೇ. 1565ರಲ್ಲಿ ರಾಜಧಾನಿ ಹಾಳಾದ ಸುದ್ದಿ ತಗಡಿಗೆ ಮುಟ್ಟಲು ನೂರು ವರ್ಷವೂ ಸಾಲಲಿಲ್ಲ.

ಕಾಗದದಹುಳ
ಕೊಂಡ ಮೇಲೆ ಏನು ಮಾಡಬಾರದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಬೈಂಡಿಂಗ್ ಅಂಗಡಿಗೆ ಕೊಡಬೇಡಿ. ಮೈದಾ ಅಂಟಿಗೆ ಹುಳು ಹಿಡಿಯಬಾರದೆಂದು ಮೈಲುತುತ್ತ ಬೆರೆಸುತ್ತಾರೆ. ಅದು ತಾಮ್ರದ ಲವಣ, ಹಸಿರು ಬಣ್ಣ ಕಾಗದಕ್ಕೆ ಮಾಡುವ ಅನಾಹುತವನ್ನು ಪೂರ್ತಿ ಹಾಳೆಗೆ ಮಾಡುತ್ತದೆ. ಸೆಲ್ಲೊಟೇಪ್, ಫೆವಿಕಾಲ್, ಬಿಸಿ ಲ್ಯಾಮಿನೇಷನ್ ಮೂರೂ ಬೇಡ. ಟೇಪಿನ ಅಂಟು ಕಾಗದದೊಳಗೆ ಇಳಿದು ಕಂದು ಕಲೆ ಆದಮೇಲೆ ತೆಗೆಯುವುದು ಕಷ್ಟ.

ಹರಿದದ್ದಕ್ಕೆ ಗೋಧಿ ಪಿಷ್ಟದ ಗಂಜಿ, ಅಂದರೆ ಮೈದಾ ಅಲ್ಲ, ಅಂಟುಪ್ರೋಟೀನು ತೆಗೆದ ಪಿಷ್ಟ. 1 ಪಾಲು ಪಿಷ್ಟಕ್ಕೆ 4–5 ಪಾಲು ಶುದ್ಧೀಕರಿಸಿದ ನೀರು, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ ಅರೆಪಾರದರ್ಶಕವಾಗುವವರೆಗೆ ಬೇಯಿಸಿ, ಆರಿಸಿ, ಜರಡಿಯಲ್ಲಿ ಎರಡು ಸಲ ಸೋಸಿ, ಮಜ್ಜಿಗೆಯ ಹದಕ್ಕೆ ತೆಳು ಮಾಡಿಕೊಳ್ಳಿ. ಜಪಾನಿ ಕೋಜೊ ಕಾಗದವನ್ನು ಕತ್ತರಿಯಿಂದ ಕತ್ತರಿಸದೆ ನೀರಿನ ಗೆರೆ ಎಳೆದು ಹರಿಯಿರಿ, ಅಂಚಿನ ನಾರು ಹಿಡಿದುಕೊಳ್ಳುತ್ತದೆ. ಒಣಗುವವರೆಗೆ ಎರಡೂ ಕಡೆ ಒತ್ತುಕಾಗದ ಇಟ್ಟು ಭಾರ ಹೇರಿ. ಗಂಜಿ ಆ ಹದಕ್ಕಿಂತ ನೀರಾಗಿದ್ದರೆ ಸುತ್ತ ಕಂದು ಅಲೆಗುರುತು ಏಳುತ್ತದೆ. ಬಣ್ಣದ ಗೆರೆಯ ಹತ್ತಿರವಾದರೆ ಮೊದಲು ಮೂಲೆಯಲ್ಲಿ ಒದ್ದೆ ಹತ್ತಿ ಒತ್ತಿ ನೋಡಿ. ಬಣ್ಣ ಹತ್ತಿಗೆ ಬಂದರೆ ಅಲ್ಲಿಗೇ ನಿಲ್ಲಿಸಿ, ಕೆಲಸ ಬಲ್ಲವರಿಗೆ ಕೊಡಿ. ಲಿನನ್ ಬಟ್ಟೆ ಗಟ್ಟಿಯಿದ್ದರೆ ತೆಗೆಯಲೇಬೇಡಿ, ಅದೂ ನಕ್ಷೆಯ ಭಾಗ.

ಎಣ್ಣೆಹೊಳೆ
ಕರಾವಳಿಯಲ್ಲಿ ಮಳೆಗಾಲಕ್ಕೆ ಇನ್ನೊಂದು ಕಷ್ಟ. ತೇವಾಂಶ 65 ಶೇಕಡ ದಾಟಿದರೆ ಬೂಷ್ಟು ಬರುತ್ತದೆ. ಪಾಲಿಯೆಸ್ಟರ್ ಹಾಳೆಯ ನಡುವೆ ಇಡುವುದಾದರೆ 75–100 ಮೈಕ್ರಾನ್‌ದು, ಎರಡು ಬದಿ ತೆರೆದಿರಲಿ. ನಾಲ್ಕೂ ಬದಿ ಮುಚ್ಚಿದರೆ ಒಳಗಿನ ತೇವ ಒಳಗೇ. ಪಿವಿಸಿ ಹೊದಿಕೆ ಮಸಿಯನ್ನು ಎಳೆದುಕೊಳ್ಳುತ್ತದೆ. ಗೋಡೆಗೆ ನೇತುಹಾಕುವವರು ಹೊರಗೋಡೆ ಬಿಟ್ಟು ಒಳಗೋಡೆ ನೋಡಿ, ಗಾಜಿಗೆ ಕಾಗದ ತಾಗದಂತೆ ನಡುವೆ ದಪ್ಪ ರಟ್ಟಿನ ಚೌಕಟ್ಟು (ಮೌಂಟ್) ಇರಲಿ.

ಬಯಲುಸೀಮೆ
ಸರಪಳಿಯವರೇ, ಹೊರದೇಶದವರಿಗೆ ಮುಂದೆ ಮಾರುವ ಯೋಚನೆ ಇದ್ದರೆ ಈಗಲೇ ತಿಳಿದಿರಲಿ. 1972ರ ಪುರಾವಸ್ತು ಕಾಯ್ದೆಯಲ್ಲಿ 100 ವರ್ಷ ದಾಟಿದ ಚಾರಿತ್ರಿಕ ವಸ್ತು ಪುರಾವಸ್ತುವಿನ ವ್ಯಾಪ್ತಿಗೆ ಬರುತ್ತದೆ, ಹಸ್ತಪ್ರತಿಗಾದರೆ 75 ವರ್ಷ. ದೇಶದಿಂದ ಹೊರಗೆ ಕಳಿಸುವ ಮೊದಲು ಪುರಾತತ್ವ ಇಲಾಖೆಯನ್ನು ಕೇಳಲೇಬೇಕು. ಹೊರಗಿನಿಂದ ತರಿಸುವಾಗ ಬಿಲ್ಲಿನಲ್ಲಿ ಅಚ್ಚಿನ ಇಸವಿ ಬರೆಸಿಕೊಂಡು ಆ ಕಾಗದ ಜೋಪಾನ ಮಾಡಿ.

ಸರಪಳಿ66
ಹೊಸ ಫೋಟೊ ಬಂದವು. ಕೊರೆದ ಚುಕ್ಕಿ ಘಟ್ಟದ ಮೇಲೇ ಹೋಗಿದೆ, ಕೆನರಾ ಹೊರಗೆ. ಇಸವಿಯ ಅಂಕಿಗಳ ಸುತ್ತ ಮೋಡ ಇಲ್ಲ. ಬಣ್ಣದ ಗೆರೆ ಸಂದು ದಾಟುವ ಕಡೆ ಮೂರರಲ್ಲಿ ಎರಡು ಜಾಗದಲ್ಲಿ ಬಟ್ಟೆಗೂ ಹತ್ತಿದೆ. ಅಕ್ಷರದ ಅಂಚು ಚೂಪು, ಜಾಲರಿ ಇಲ್ಲ.

ಹಳೇತಗಡು
ಹಾಗಾದರೆ ಅಚ್ಚು ಸಾಚಾ, ಬಣ್ಣ ಆಮೇಲಿನದು. ಹಳೇ ಯಜಮಾನನ ಕೈಯಾದರೆ 1799ರ ನಂತರ ಕೂತು 1792ರ ಗಡಿಗೆ ಬಣ್ಣ ಯಾಕೆ ಹಾಕುತ್ತಾನೆ? 1792ರ ಮುದ್ರಣದ ಚಿತ್ರ ನೋಡಿ ಮಾರಾಟಕ್ಕಾಗಿ ಬಣ್ಣ ಬಳಿದಿರುವ ಸಾಧ್ಯತೆಯೇ ಹೆಚ್ಚು. ಬಣ್ಣವಿಲ್ಲದ ಹಾಳೆಯ ಬೆಲೆಗೆ ಕೇಳಿ. ಕೊಡುವ ಮುನ್ನ ಹಸಿರು ಗೆರೆ ಇರುವ ಒಂದು ತುಂಡಿನ ಹಿಂಭಾಗ, ಬಟ್ಟೆ ಬಿಟ್ಟಿರುವ ಮೂಲೆ, ಇವೆರಡರ ಫೋಟೊ ತರಿಸಿ.

ಸರಪಳಿ66
ಮೇಲಿಂದ ಎರಡನೇ ಸಾಲು, ಎಡದಿಂದ ಮೂರನೇ ತುಂಡಿನ ಮೂಲೆ ಬಿಟ್ಟಿದೆ, ಹಸಿರು ಅಲ್ಲೇ ಹಾಯುತ್ತದೆ. ಅದರ ಫೋಟೊ ಕೇಳಿದ್ದೇನೆ.

ಕಾಗದದಹುಳ
ಕಂದು ಗೆರೆ ಕಾಣದಿದ್ದರೆ ಹಳೇತಗಡು ಹೇಳಿದ್ದೇ ಸರಿ. ಕಂಡರೆ ಇಲ್ಲಿ ಹಾಕಿ, ಆಗ ಲೆಕ್ಕ ಬೇರೆ.